ಗಡಿಯಾಚೆಯ ಶಾಲೆಯ ಜೊತೆ ನಮ್ಮ ಮಕ್ಕಳ ಸಭೆ

ಪ್ರೀತಿಯ ಹೆತ್ತವರೇ,

ನವೆಂಬರ್ 14ರಂದು ನಮ್ಮ ಏಳನೇ ತರಗತಿಯ ಮಕ್ಕಳು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ದಕ್ಷಿಣ ಕನ್ನಡದ ಒಂದು ಶಾಲೆಗೆ ಹೋಗಲಿದ್ದಾರೆ. ಎರಡೂ ಶಾಲೆಯ ಮಕ್ಕಳು ಸೇರಿ ಸಭೆ ನಡೆಸುತ್ತಾರೆ. ಬಸ್ಸು, ರಸ್ತೆ, ಶೌಚಾಲಯ, ಮನೆಮಾತಿನಲ್ಲಿ ಪಾಠ, ಯಾವುದರ ಬಗ್ಗೆಯೂ ಮಾತಾಡಬಹುದು. ಅವರ ಬೇಡಿಕೆಗಳನ್ನು ಎರಡೂ ಕಡೆಯ ಪಂಚಾಯತಿಗೆ ಕೊಡುತ್ತೇವೆ.

ಓದು ಬಿಟ್ಟು ಇದೆಲ್ಲ ಯಾಕೆ ಎಂದು ಕೆಲವರು ಕೇಳಿದಿರಿ. ಮಕ್ಕಳಿಗೆ ಈಗ ಹೇಳಿಕೊಡುತ್ತಿರುವ ಒಂದು ಪಾಠವನ್ನೇ ನಿಮಗೂ ಹೇಳುತ್ತೇನೆ.

ಜರ್ಮನಿ, ಡೆನ್ಮಾರ್ಕ್ ನಡುವೆ ಶ್ಲೆಸ್‌ವಿಗ್ ಎಂಬ ಸೀಮೆ ಇದೆ. ಅದಕ್ಕಾಗಿ ಯುದ್ಧಗಳೇ ಆಗಿದ್ದವು. 1920ರಲ್ಲಿ ಜನರ ಓಟು ಪಡೆದು ಗಡಿ ಎಳೆದರು. ಆದರೂ ಜರ್ಮನಿಯೊಳಗೆ ಡೇನಿಷರು, ಡೆನ್ಮಾರ್ಕಿನೊಳಗೆ ಜರ್ಮನರು ಉಳಿದೇ ಉಳಿದರು. ಎಲ್ಲಿ ಗೆರೆ ಎಳೆದರೂ ಹಾಗೇ ಅಲ್ವಾ? 1955ರಲ್ಲಿ ಎರಡೂ ಸರಕಾರಗಳು ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರ ಹಕ್ಕು ಕಾಯುವುದಾಗಿ ಘೋಷಿಸಿದವು. ‘ನಾನು ಡೇನಿಷ್’ ಎಂದು ಒಬ್ಬರು ಹೇಳಿದರೆ ಯಾವ ಅಧಿಕಾರಿಯೂ ಅದಕ್ಕೆ ಪುರಾವೆ ಕೇಳುವಂತಿಲ್ಲ. ನನಗೆ ತುಂಬಾ ಹಿಡಿಸಿದ ಮಾತು ಇದು. ಜರ್ಮನಿಯ ಫ್ಲೆನ್ಸ್‌ಬರ್ಗಿನಲ್ಲಿ ಇಂದಿಗೂ ಡೇನಿಷ್ ಶಾಲೆಗಳಿವೆ. ಸೀಟು ಸಿಗಲು ಪಕ್ಷಕ್ಕೆ ಚುನಾವಣೆಯಲ್ಲಿ ಕನಿಷ್ಠ ಶೇಕಡಾ 5ರಷ್ಟು ಮತ ಬೇಕೆಂಬ ನಿಯಮದಿಂದ ಅಲ್ಪಸಂಖ್ಯಾತರ ಪಕ್ಷಕ್ಕೆ ವಿನಾಯಿತಿ ಇದೆ. ಹಾಗಾಗಿ 2021ರಲ್ಲಿ ಅವರ ಪಕ್ಷದ ಒಬ್ಬರು ಜರ್ಮನಿಯ ಸಂಸತ್ತಿಗೆ ಗೆದ್ದು ಬಂದರು. ಗಡಿಯ ಎರಡೂ ಬದಿಯ ಆಡಳಿತಗಳು 1997ರಿಂದ ಜೊತೆಯಾಗಿ ಕೆಲಸ ಮಾಡುತ್ತಿವೆ.

ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಬಂದದ್ದೂ ಅದೇ ವರ್ಷ. ನಮ್ಮ ಶಾಲೆಗೆ ಬಲ ಕೊಡುವುದು ಇಂಥ ಮಾತುಗಳೇ. ಹಕ್ಕು ಕೇಳುವವರು ಇಲ್ಲದಿದ್ದರೆ ಅವು ಪುಸ್ತಕದಲ್ಲೇ ಉಳಿಯುತ್ತವೆ. ಕೇಳಲು ಮಕ್ಕಳು ಈಗಿನಿಂದಲೇ ಕಲಿಯಬೇಕು. ಗಡಿಯಾಚೆ ಮಲಯಾಳ ಮನೆಮಾತಿನ ಮಕ್ಕಳೂ ಇದ್ದಾರೆ. ಅವರ ಕಷ್ಟವನ್ನೂ ನಮ್ಮವರು ಕೇಳಿಸಿಕೊಳ್ಳಲಿ. ಸಭೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡಬಹುದು. ಪಕ್ಕದವರು ಅರ್ಥ ಹೇಳುತ್ತಾರೆ.

ಸಭೆಯನ್ನು ನಡೆಸುವವರನ್ನು ಹಿಂದಿನ ವಾರ ಗುಪ್ತ ಮತದಾನದಲ್ಲಿ ಮಕ್ಕಳೇ ಆರಿಸುತ್ತಾರೆ. ಯಾರಿಗೆ ಓಟು ಹಾಕಬೇಕೆಂದು ದಯವಿಟ್ಟು ಮನೆಯಲ್ಲಿ ಹೇಳಿಕೊಡಬೇಡಿ. ಹೆಣ್ಣುಮಕ್ಕಳನ್ನು ದೂರ ಎಂದು ತಡೆಯಬೇಡಿ, ಇಬ್ಬರು ಟೀಚರುಗಳು ಜೊತೆಗಿರುತ್ತಾರೆ.

ಬಸ್ಸಿನ ಖರ್ಚು ರಕ್ಷಕ-ಶಿಕ್ಷಕ ಸಂಘದ್ದು. ಊಟ ಅಲ್ಲೇ ಇದೆ, ನೀರಿನ ಬಾಟಲಿ ಮಾತ್ರ ಕೊಟ್ಟು ಕಳಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶುಕ್ರವಾರದೊಳಗೆ ಕ್ಲಾಸ್ ಟೀಚರಿಗೆ ತಲುಪಿಸಿ.

ಇಂತಿ,
ಮುಖ್ಯೋಪಾಧ್ಯಾಯಿನಿ