ಮೊತ್ತದ ಪಕ್ಕದಲ್ಲಿ ಕಾರಣವನ್ನೂ ಬರೆಯೋಣ

ಆತ್ಮೀಯ ಸದಸ್ಯರೇ,

ನಮ್ಮ ಫ್ಯಾಷನ್ ಶೋ ಬಜೆಟ್‌ನ ಕರಡು ಸಮಿತಿಯ ಮುಂದಿದೆ. ಹಾಲ್ ಬಾಡಿಗೆ, ರ‍್ಯಾಂಪ್, ಲೈಟಿಂಗ್, ಸೌಂಡ್, ಮೇಕಪ್, ಫೋಟೋಗ್ರಫಿ ಎಲ್ಲದರ ಮುಂದೆಯೂ ಒಂದೊಂದು ಮೊತ್ತ ಇದೆ. ಕೂಡಿದ ಲೆಕ್ಕವೂ ಸರಿಯಾಗಿದೆ. ಆದರೆ ಆ ಮೊತ್ತಗಳನ್ನು ಏನು ಅಂದುಕೊಂಡು ಹಾಕಿದ್ದೇವೆ ಅನ್ನುವುದು ಎಲ್ಲೂ ಬರೆದಿಲ್ಲ. ನಾವು ಕೂತು ಮಾತಾಡಬೇಕಾದದ್ದು ಅದನ್ನೇ.

ಮೇಕಪ್ಪನ್ನೇ ತಗೊಳ್ಳಿ. ರ‍್ಯಾಂಪ್ ಮೇಲೆ ನಡೆಯುವವರು 20 ಜನ, ಮೇಕಪ್ ಮಾಡುವವರು ಇಬ್ಬರು. ಮುಖ, ಕೂದಲು ಸೇರಿ ಒಬ್ಬೊಬ್ಬರಿಗೆ 40 ನಿಮಿಷ ಅಂತ ಹಿಡಿಯೋಣ. ನಡುವೆ ಬಿಡುವೇ ಇಲ್ಲದಿದ್ದರೂ 400 ನಿಮಿಷ ಬೇಕು, ಅಂದರೆ 6 ಗಂಟೆ 40 ನಿಮಿಷ. ಸಂಜೆ 6ಕ್ಕೆ ಶೋ ಶುರುವಾಗಬೇಕಾದರೆ ಬೆಳಿಗ್ಗೆ 11ಕ್ಕೇ ಹಾಲ್ ನಮ್ಮ ಕೈಗೆ ಸಿಗಬೇಕು. ಬಾಡಿಗೆಯನ್ನು ಮಧ್ಯಾಹ್ನ 2ರಿಂದ ಹಿಡಿದಿದ್ದರೆ ಎರಡು ಲೆಕ್ಕವೂ ಒಂದಕ್ಕೊಂದು ಹೊಂದುವುದಿಲ್ಲ. ನಾಲ್ವರನ್ನು ಕರೆದರೆ 3 ಗಂಟೆ 20 ನಿಮಿಷದಲ್ಲಿ ಮುಗಿಯುತ್ತದೆ. ಅವರು ತಲೆಗಿಷ್ಟು ಅಂತ ತಗೊಳ್ಳುವವರಾದರೆ ಮೇಕಪ್ ಖರ್ಚು ಅಷ್ಟೇ ಇರುತ್ತದೆ. ದಿನಕ್ಕಿಷ್ಟು ಅನ್ನುವವರಾದರೆ ದುಪ್ಪಟ್ಟು. ಹಾಗಾಗಿ ‘ಮೇಕಪ್’ ಅಂತ ಒಂದೇ ಮಾತು ಬರೆದರೆ ಸಾಲದು. ಎಷ್ಟು ಜನ, ತಲಾ ಎಷ್ಟು ಹೊತ್ತು, ಯಾವ ಲೆಕ್ಕದಲ್ಲಿ ಹಣ, ಇಷ್ಟನ್ನೂ ಪಕ್ಕದಲ್ಲಿ ಬರೆಯಬೇಕು.

ಹಾಲ್‌ನ ಸಮಯವೂ ಹಾಗೆಯೇ. ಮೊದಲ ಸಾಮಾನು ಒಳಗೆ ಬಂದಾಗಿನಿಂದ ಕೊನೆಯ ಸಾಮಾನು ಹೊರಗೆ ಹೋಗುವ ತನಕ ಬಾಡಿಗೆ ಓಡುತ್ತಲೇ ಇರುತ್ತದೆ. ರ‍್ಯಾಂಪ್ ಜೋಡಿಸಬೇಕು, ಲೈಟ್ ಹೊಂದಿಸಬೇಕು, ರಿಹರ್ಸಲ್ ಆಗಬೇಕು, ಆಮೇಲೆ ಎಲ್ಲ ಬಿಚ್ಚಬೇಕು. ಒಬ್ಬೊಬ್ಬರಿಗೆ ಎರಡು ಉಡುಪು ಅಂದರೆ 40 ಸಲ ನಡಿಗೆ. ತಲಾ 45 ಸೆಕೆಂಡಿನ ಹಾಗೆ ಅರ್ಧ ಗಂಟೆ, ಅಷ್ಟೇ. ಆ ಅರ್ಧ ಗಂಟೆಗಾಗಿ ಇಡೀ ದಿನದ ಬಾಡಿಗೆ ಕಟ್ಟುತ್ತೇವೆ, ಅಲ್ವಾ? ಇನ್ನೊಂದು ಉಡುಪು ಸೇರಿಸೋಣ ಅಂತ ಯಾರಾದರೂ ಅಂದಾಗ ಬಟ್ಟೆ ಬದಲಾಯಿಸುವ ಸಮಯ, ಕೈ ಜೋಡಿಸುವ ಜನ, ಹ್ಯಾಂಗರ್ ಸ್ಟ್ಯಾಂಡು, ಇಸ್ತ್ರಿ ಎಲ್ಲವೂ ಜಾಸ್ತಿ ಆಗುತ್ತವೆ.

ಆದಾಯದ ಕಡೆ ನನಗೆ ಇನ್ನೂ ಜಾಸ್ತಿ ಅಳುಕಿದೆ. 200 ಸೀಟು ಇದೆ ಅಂತ 200 ಟಿಕೆಟ್‌ನ ಹಣ ಬರೆಯುವುದು ಸುಲಭ. ಭಾಗವಹಿಸುವ 20 ಜನರಿಗೆ ತಲಾ ಎರಡು ಉಚಿತ ಪಾಸ್ ಕೊಟ್ಟರೆ 40 ಸೀಟು ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಅರ್ಧ ಮಾತ್ರ ಮಾರಾಟವಾದರೆ ಕೈಗೆ ಬರುವುದು 80 ಟಿಕೆಟ್‌ನ ಹಣ. ಹಾಲ್, ರ‍್ಯಾಂಪ್, ಸೌಂಡ್ ಖರ್ಚು ಮಾತ್ರ 80 ಜನ ಬಂದರೂ ಅಷ್ಟೇ, 200 ಜನ ಬಂದರೂ ಅಷ್ಟೇ. ಆ 80ರ ಲೆಕ್ಕದಲ್ಲಿ ಸಂಘ ನಷ್ಟ ತಡೆದುಕೊಳ್ಳುತ್ತದೆಯೇ ಅಂತ ಮೊದಲೇ ನೋಡಬೇಕು. ಪ್ರಾಯೋಜಕರ ಬಾಯಿಮಾತಿನ ಭರವಸೆಯನ್ನು ಬೇರೆ ಸಾಲಿನಲ್ಲಿ ಇಡಿ. ಖಾತೆಗೆ ಬಂದ ಹಣದ ಜೊತೆ ಕೂಡಬೇಡಿ.

ಗೆಳೆಯರು ಸುಮ್ನೆ ಮಾಡಿಕೊಡುವ ಕೆಲಸಕ್ಕೂ ಹೊರಗಿನ ದರವನ್ನು ಪಕ್ಕದಲ್ಲಿ ಬರೆದಿಡಿ. ಅವರಿಗೆ ಬರಲು ಆಗದ ದಿನ ಆ ಖರ್ಚು ನಮ್ಮದೇ. ಇಂಥದ್ದಕ್ಕೆಂದೇ ಒಟ್ಟು ಮೊತ್ತದ ಶೇ. 10ರಷ್ಟನ್ನು ಎತ್ತಿಡಬೇಕು. ಶೋಗೆ ಮೊದಲೇ ಅಲಂಕಾರಕ್ಕೆ ಅಂತ ಅದನ್ನು ಮುಟ್ಟಬಾರದು.

ಕರಡನ್ನು ಈ ಸಂಚಿಕೆಯ ಜೊತೆಗೇ ಕಳಿಸುತ್ತಿದ್ದೇವೆ. ಪ್ರತಿ ಮೊತ್ತದ ಎದುರು ಒಂದು ಖಾಲಿ ಕಾಲಂ ಇದೆ. ಹಾಲ್, ಸೌಂಡ್, ಮೇಕಪ್ ಕೆಲಸದ ಅನುಭವ ಇರುವವರು ದಯವಿಟ್ಟು ಮುಂದಿನ ಸಭೆಗೆ ಮೊದಲು ಅದನ್ನು ತುಂಬಿ ಕಳಿಸಿ.