ಗರ್ಭಕಂಠದ ಪರೀಕ್ಷೆಗೂ ಒಂದು ಕಾರ್ಡ್ ಬೇಕು

ಮಾನ್ಯರೇ,

ನಮ್ಮ ಚಿಕ್ಕಮ್ಮ ಮೂರು ವರ್ಷದ ಹಿಂದೆ ಊರಿನ ಶಿಬಿರವೊಂದರಲ್ಲಿ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡಿದ್ದರು. ಹೋದ ತಿಂಗಳು ಬೇರೆ ತೊಂದರೆಗೆ ಡಾಕ್ಟರ ಹತ್ತಿರ ಹೋದಾಗ, ‘ಆಗ ಏನು ಹೇಳಿದ್ದರಮ್ಮಾ?’ ಎಂದು ಕೇಳಿದರು. ಚಿಕ್ಕಮ್ಮನಿಗೆ ನೆನಪಿಲ್ಲ. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಬರೆದುಕೊಂಡ ರಿಜಿಸ್ಟರ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬೆಳ್ಳಗಾದ ಜಾಗ ಕಂಡರೆ ಮುಂದಿನ ತಪಾಸಣೆಗೆ ಕಳಿಸುತ್ತಾರೆ. 30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಇದು ಆಗಬೇಕೆಂದು ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಓದಿ ಹೊಟ್ಟೆ ಉರಿಯಿತು.

ತಾಯಿ ಕಾರ್ಡ್ ನೋಡಿ. ಬಸುರಿಗೆ ಯಾವ ಇಂಜೆಕ್ಷನ್ ಯಾವತ್ತು ಆಯಿತು, ಎಲ್ಲ ಅದರಲ್ಲಿ ಇರುತ್ತದೆ. ತಪ್ಪಿದರೆ ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆಯುತ್ತಾರೆ. ಹೆರಿಗೆ ಮುಗಿದ ಮೇಲೆ ಆ ಹೆಣ್ಣುಮಗಳನ್ನು ಯಾರೂ ಕೇಳುವುದಿಲ್ಲ, ಅಲ್ವಾ? ಬ್ರಿಟನ್‌ನಲ್ಲಿ 1988ರಿಂದಲೇ ಕಂಪ್ಯೂಟರ್ ಪಟ್ಟಿ ಇಟ್ಟುಕೊಂಡು, ಸರದಿ ಬಂದವರಿಗೆ ಕಾಗದ ಹಾಕಿ ಕರೆಯುತ್ತಾರೆ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ, ಮನೆ ಹತ್ತಿರದ ಕ್ಲಿನಿಕ್‌ಗಳಲ್ಲೂ ಹೀಗೊಂದು ಪಟ್ಟಿ ಇರಲಿ. ಪರೀಕ್ಷೆ ಯಾವಾಗ ಆಯಿತು, ಏನು ಕಂಡಿತು, ಮುಂದಿನದು ಯಾವಾಗ, ಇಷ್ಟು ಬರೆದ ಕಾರ್ಡ್ ಅವರ ಕೈಗೂ ಕೊಡಲಿ. ಶಿಬಿರ ನಡೆಸುವವರು ಆ ವಿವರವನ್ನು ಅವತ್ತೇ ಹತ್ತಿರದ ಕೇಂದ್ರಕ್ಕೆ ಮುಟ್ಟಿಸಲಿ.

– ಓದುಗರೊಬ್ಬರು, ಹಾಸನ ಜಿಲ್ಲೆ