ಇರುಂಗಾಟ್ಟುಕೋಟೈಯಲ್ಲಿ ಸಿಕ್ಕ ಅಣ್ಣನಿಗೆ

ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಕಾರ್ ರೇಸ್ ಟ್ರ್ಯಾಕಿನಲ್ಲಿ ಮೊನ್ನೆ ಭಾನುವಾರ ಸಿಕ್ಕಿದ ಅಣ್ಣಾ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಎರಡನೇ ಸೆಷನ್‌ಗೆ ಹೆಲ್ಮೆಟ್ ಹಾಕ್ಕೊಳ್ತಿದ್ದವನನ್ನ ತಡೆದು, "ತಿರುವಲ್ಲಿ ಆಯಿಲ್ ದೀಪ ಮಿಣುಕ್ತಾ?" ಅಂದ್ರಿ. ಮಿಣುಕಿತ್ತು. ಸೆನ್ಸರ್ ಕೆಟ್ಟಿರಬೇಕು ಅಂದ್ಕೊಂಡು ಸುಮ್ಮನಿದ್ದೆ, ದಡ್ಡ! ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಕೆಳಗಿನ ಗೆರೆ ಮುಟ್ಟಿತ್ತು. ಆ ಹನಿಯನ್ನ ನೀವು ಎರಡು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು, ಎಂಜಿನ್ ಸವೆದ ಲೋಹದ ಪುಡಿ ಹೊಳೆಯುತ್ತಾ ಅಂತ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಇರಲಿಲ್ಲ, ಪುಣ್ಯ.

ಉದ್ದ ತಿರುವಲ್ಲಿ ಆಯಿಲ್ ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಂದು ಬದಿಗೆ ಸರಿಯುತ್ತೆ, ಪಂಪ್ ಗಾಳಿ ಹೀರುತ್ತೆ, ಬೇರಿಂಗ್ ಒಣಗಿ ಕಚ್ಚಿಕೊಳ್ಳೋಕೆ ಕೆಲವೇ ಸೆಕೆಂಡ್ ಸಾಕು ಅಂತ ಅರ್ಧ ತುಂಬಿದ ನೀರಿನ ಬಾಟಲಿ ಓರೆ ಮಾಡಿ ತೋರಿಸಿದ್ರಿ. ನಿಮ್ಮದೇ ಡಬ್ಬದಿಂದ ಮುಕ್ಕಾಲು ಲೀಟರ್ 5ಡಬ್ಲ್ಯು-40 ಎಂಜಿನ್ ಆಯಿಲ್ ಸುರಿದ್ರಿ. ದುಡ್ಡು ಕೊಡೋಕೆ ಬಂದ್ರೆ ಬೈದ್ರಿ ಬೇರೆ.

ನೀವು ಹೇಳಿದ ಹಾಗೇ ಕೊನೇ ಲ್ಯಾಪ್ ನಿಧಾನಕ್ಕೆ ಓಡಿಸಿ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ತಣಿಸಿದೆ. ಬ್ರೇಕ್ ಕಾದಿದ್ದಾಗ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ಟೋಯಿಂಗ್ ಲಾರಿ ಮೇಲೆ ಬರಬೇಕಿದ್ದ ಕಾರು ಅವತ್ತು ರಾತ್ರಿ ಕೃಷ್ಣಗಿರಿ, ಹೊಸೂರು ದಾಟಿ ತಾನೇ ಓಡಿಕೊಂಡು ಬೆಂಗಳೂರು ಸೇರಿತು.

ತುಂಬಾ ಥ್ಯಾಂಕ್ಸ್ ಅಣ್ಣ. ಮತ್ತೆ ಸಿಕ್ಕರೆ ಕಾಫಿ ನನ್ನದು, ಆಯಿಲ್ ಡಬ್ಬವೂ ನನ್ನದೇ.